ಆಗಸ್ಟ್ ವಿಲ್ಸನ್ ನಾಟಕಗಳನ್ನು ಯಾವ ಕ್ರಮದಲ್ಲಿ ಓದಬೇಕು?

ಮಾನ್ಯರೆ,

ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಅವರನ್ನು ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. 20ನೇ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಅವರು ಬರೆದ ಹತ್ತು ನಾಟಕಗಳನ್ನು ಕಥೆ ನಡೆಯುವ ಕಾಲದ ಕ್ರಮದಲ್ಲೇ ಓದಬೇಕಲ್ಲವೆ, ಹೈಸ್ಕೂಲನ್ನೂ ಮುಗಿಸದವರು ಇಷ್ಟು ದೊಡ್ಡ ಯೋಜನೆಯನ್ನು ಹಾಕಿಕೊಂಡದ್ದಾದರೂ ಹೇಗೆ ಎಂದು ಕೇಳಿದ್ದೀರಿ.

ಮೊದಲಿಗೆ ಅಂಥ ಯೋಜನೆಯೇ ಇರಲಿಲ್ಲ. 1945ರಲ್ಲಿ ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಹುಟ್ಟಿದ ವಿಲ್ಸನ್, ನೆಪೋಲಿಯನ್ ಕುರಿತ ಪ್ರಬಂಧವನ್ನು ತಾವೇ ಬರೆದದ್ದೆಂದು ಶಿಕ್ಷಕರು ನಂಬದೇ ಹೋದಾಗ ಶಾಲೆ ಬಿಟ್ಟು, ಊರಿನ ಕಾರ್ನೆಗಿ ಗ್ರಂಥಾಲಯದಲ್ಲಿ ಕುಳಿತು ಓದಿದರು. ಕವಿಯಾಗಬೇಕೆಂದಿದ್ದ ಅವರಿಗೆ, ಹಿಲ್‌ನ ಕರಿಯ ಹಿರಿಯರು ಅಂಗಡಿ, ಹೋಟೆಲುಗಳಲ್ಲಿ ಆಡುತ್ತಿದ್ದ ಮಾತು ಸಾಹಿತ್ಯಕ್ಕೆ ಸಲ್ಲುವಂಥದ್ದೆಂದು ಬಹುಕಾಲ ಅನ್ನಿಸಿರಲಿಲ್ಲ. 1978ರಲ್ಲಿ ಮಿನೆಸೋಟದ ಸೇಂಟ್ ಪಾಲ್‌ಗೆ ಹೋಗಿ, ಅಲ್ಲಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಿರುನಾಟಕಗಳನ್ನು ಬರೆದುಕೊಡುತ್ತಿದ್ದಾಗ, ದೂರದ ಊರಿನ ಆ ದನಿಗಳು ಅವರ ಕಿವಿಗೆ ಸ್ಪಷ್ಟವಾದವು. ಪರವಾನಗಿಯಿಲ್ಲದ ಟ್ಯಾಕ್ಸಿ ಚಾಲಕರ 'ಜಿಟ್ನಿ' ಹುಟ್ಟಿದ್ದು ಅಲ್ಲಿಯೇ. ಕೆಲವು ನಾಟಕಗಳಾದ ಮೇಲಷ್ಟೇ, ಒಂದೊಂದೂ ಬೇರೆ ದಶಕದಲ್ಲಿ ನಡೆಯುತ್ತಿರುವುದನ್ನು ಅವರು ಗಮನಿಸಿದ್ದು.

ಚರಿತ್ರೆ ಅವರಲ್ಲಿ ಹೇಗೆ ಬರುತ್ತದೆಂಬುದಕ್ಕೆ 1984ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಬಂದ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ನೋಡಿ. 1927ರ ಶಿಕಾಗೊದ ಧ್ವನಿಮುದ್ರಣ ಕೊಠಡಿ. ಕೋಕಾ-ಕೋಲಾ ತರಿಸುವವರೆಗೆ ಗಾಯಕಿ ಮಾ ರೇನಿ ಹಾಡುವುದಿಲ್ಲ. ಹಾಡಿನ ಮೊದಲ ಮಾತನ್ನು ಉಗ್ಗುವ ಸೋದರಳಿಯನೇ ಆಡಬೇಕೆಂದು ಪಟ್ಟು ಹಿಡಿಯುತ್ತಾಳೆ. ದನಿ ತಟ್ಟೆಗೆ ಇಳಿದು, ಕಾಗದಕ್ಕೆ ಸಹಿ ಬಿದ್ದ ಕ್ಷಣಕ್ಕೆ ಬಿಳಿಯ ಮಾಲೀಕರಿಗೆ ತಾನು ಬೇಡವಾಗುತ್ತೇನೆಂದು ಆಕೆಗೆ ಗೊತ್ತು. ಅದೇ ಮಾಲೀಕರು ತಾನು ಬರೆದ ಹಾಡುಗಳನ್ನು ಪುಡಿಗಾಸಿಗೆ ಕೇಳಿದಾಗ ಸುಮ್ಮನಿರಬೇಕಾದ ತುತ್ತೂರಿಗಾರ ಲೆವಿ, ತನ್ನ ಹೊಸ ಬೂಟು ತುಳಿದ ಸಹವಾದಕನಿಗೆ ಚಾಕು ಹಾಕುತ್ತಾನೆ. ಇಸವಿಗಳ ಪಟ್ಟಿಯಲ್ಲಿ ಇದು ಸಿಗುವುದಿಲ್ಲ.

'ಫೆನ್ಸಸ್' (1987) ಮತ್ತು 'ದಿ ಪಿಯಾನೊ ಲೆಸನ್' (1990) ಅವರಿಗೆ ಪುಲಿಟ್ಜರ್ ತಂದುಕೊಟ್ಟವು. ಬಹುಮಾನಗಳ ವಿಷಯಕ್ಕೆ ಇಷ್ಟು ಸಾಕು.

ಇನ್ನು ಓದಿನ ಕ್ರಮ. ಬರೆದ ಕ್ರಮವನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಮುನ್ನೂರು ವರ್ಷ ದಾಟಿದವಳೆಂದು ಹಿಲ್‌ನ ಜನ ನಂಬಿದ ಆಂಟ್ ಎಸ್ಟರ್, 1960ರ ದಶಕದಲ್ಲಿ ನಡೆಯುವ 'ಟೂ ಟ್ರೇನ್ಸ್ ರನ್ನಿಂಗ್'ನಲ್ಲಿ ಬರೀ ಹೆಸರು. ಕಷ್ಟದಲ್ಲಿರುವವರು ಅವಳ ಬಾಗಿಲಿಗೆ ಹೋಗಿಬರುತ್ತಾರೆ, ನಾವು ಅವಳನ್ನು ಕಾಣುವುದಿಲ್ಲ. ಅವಳು ರಂಗದ ಮೇಲೆ ಬರುವುದು ಒಂಬತ್ತನೆಯದಾಗಿ ಬರೆದ 'ಜೆಮ್ ಆಫ್ ದಿ ಓಷನ್'ನಲ್ಲಿ. ಆದರೆ ಅದರ ಕಾಲ 1904. ಕಥೆಯ ಕಾಲದ ಕ್ರಮ ಹಿಡಿದರೆ ಅವಳು ಮೊದಲ ನಾಟಕದಲ್ಲೇ ಎದುರಾಗಿ, ಆ ಕಾಯುವಿಕೆಯೆಲ್ಲ ವ್ಯರ್ಥ. ವಿಲ್ಸನ್ ಸಾಯುವ ವರ್ಷ, 2005ರಲ್ಲಿ, ಮೊದಲು ರಂಗಕ್ಕೆ ಬಂದ 'ರೇಡಿಯೊ ಗಾಲ್ಫ್'ನಲ್ಲಿ ಅವಳ ಮನೆಯನ್ನು ಕೆಡವುವ ಜಗಳ ನಡೆಯುವುದರಿಂದ, ಇವೆರಡನ್ನೂ ಕೊನೆಗೆ ಒಟ್ಟಿಗೆ ಓದಿ.

— ಸಂಪಾದಕ