ವಿ.ವಿ. ಒಳಾಂಗಣ ಕ್ರೀಡಾಂಗಣ: ಮೊದಲ ಕಂತಿನಲ್ಲೇ ಮರದ ನೆಲ ಹಾಕಿಸಬಹುದಾ?

ತುಮಕೂರಿನಲ್ಲಿ ನಿಮ್ಮ ವಿ.ವಿ.ಯ ಹಳೇ ಹಾಲ್ 32×19 ಮೀಟರ್, ಸಿಮೆಂಟ್ ನೆಲ, ಅನುದಾನ ವರ್ಷಕ್ಕಿಷ್ಟು ಅಂತ ಬರುತ್ತೆ ಅಂದಿದ್ದೀರಿ. ಮರದ ನೆಲ ಕೊನೆಗಿರಲಿ, ಮೊದಲು ಛಾವಣಿ ನೋಡಿ ಅಂತೀನಿ.

ಶೀಟಿನ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳುತ್ತೆ, ಸೋರೋದು ಹೆಚ್ಚಾಗಿ ಅಲ್ಲಿಂದಲೇ. ವಾಷರ್ ಬದಲಿಸಿ, ಗಟರ್ ಕಸ ತೆಗೆಸಿ, ಸೆಪ್ಟೆಂಬರ್-ಅಕ್ಟೋಬರ್ ಮಳೆ ಒಂದು ಸಲ ಪೂರ್ತಿ ಕಳೆಯಲಿ. ನೆಲ ಒದ್ದೆಯಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ತೂತು ನೆತ್ತಿಯ ಮೇಲೇ ಇರುತ್ತೆ ಅಂದ್ಕೋಬೇಡಿ, ನೀರು ಇಳಿಜಾರಲ್ಲಿ ಹರಿದು ಬಂದಿರುತ್ತೆ.

ಆಮೇಲೆ ಕೆಳಗಿನ ತೇವ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೈದು ಕಡೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಮರುದಿನ ಅಡಿಯಲ್ಲಿ ಹನಿ ಕೂತಿದ್ದರೆ ತೇವ ತಡೆಯುವ ಪದರ ಇಲ್ಲದೆ ಮರ ಮುಟ್ಟಲೇಬೇಡಿ. ನಮ್ಮ ಕೆಮ್ಮಣ್ಣಿನಲ್ಲಿ ಗೆದ್ದಲಂತೂ ಗ್ಯಾರಂಟಿ. ಗೋಡೆ-ನೆಲ ಸೇರುವ ಅಂಚಿನಲ್ಲಿ 30 ಸೆಂ.ಮೀ.ಗೊಂದು 12 ಮಿ.ಮೀ. ತೂತು ಕೊರೆದು, ತೂತಿಗೆ ಒಂದು ಲೀಟರ್‌ವರೆಗೆ ಔಷಧಿ ಇಳಿಸಬೇಕು. ಮರ ಕೂತ ಮೇಲೆ ಇದು ಆಗೋ ಕೆಲಸವಲ್ಲ.

ಮರದ ಪಟ್ಟಿ 20–22 ಮಿ.ಮೀ., ಅದರಡಿ ಅಡ್ಡಪಟ್ಟಿ, ಅದರಡಿ ರಬ್ಬರ್ ಪ್ಯಾಡ್. ಗೋಡೆ ಸುತ್ತ ಸುಮಾರು 5 ಸೆಂ.ಮೀ. ಸಂದು ಬಿಡಿಸಿ. ಅಂಚುಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ನೆಲಕ್ಕಲ್ಲ. ಚೆಂದ ಕಾಣಲಿ ಅಂತ ಮೇಸ್ತ್ರಿ ಸಂದು ಮುಚ್ಚಿಬಿಟ್ಟರೆ ಮಳೆಗಾಲಕ್ಕೆ ಮರ ಉಬ್ಬಿ ನಡುವೆ ಎದ್ದು ನಿಲ್ಲುತ್ತೆ, ಅಲ್ಲಿ ಚೆಂಡು ಸರಿಯಾಗಿ ಪುಟಿಯಲ್ಲ.

ಅಳತೆ ಮಾತ್ರ ನಿಮ್ಮ ಅದೃಷ್ಟ: 28×15ರ ಬ್ಯಾಸ್ಕೆಟ್‌ಬಾಲ್ ಅಂಗಳ, ಸುತ್ತ 2 ಮೀಟರ್, ಲೆಕ್ಕ ಸರಿಯಾಗಿ ಕೂರುತ್ತೆ. ಅದೇ ನೆಲದಲ್ಲಿ ಅಡ್ಡಕ್ಕೆ ಮೂರು ಶಟಲ್ ಅಂಗಳ (13.4×6.1). ನಾಲ್ಕನೆಯದು ತುರುಕಿದರೆ ನಡುವೆ ಒಂದೂವರೆ ಮೀಟರ್ ಅಷ್ಟೇ, ಪಕ್ಕದವರ ಬ್ಯಾಟ್ ತಗಲುತ್ತೆ. ಟ್ರಸ್ (ಛಾವಣಿ ಹೊರುವ ಚೌಕಟ್ಟು) ಅಡಿ ಎತ್ತರ ಬ್ಯಾಸ್ಕೆಟ್‌ಬಾಲಿಗೆ 7 ಮೀಟರ್ ಸಾಕು, ಶಟಲ್‌ಗೆ 9 ಆದರೂ ಬೇಕು, ದೊಡ್ಡ ಪಂದ್ಯಾವಳಿಗೆ 12. ಕಡಿಮೆ ಇದ್ದರೆ ಯಾವ ಅನುದಾನವೂ ಸರಿಮಾಡಲ್ಲ. ಲೈಟು ಶಟಲ್ ಅಂಗಳದ ಪಕ್ಕದಲ್ಲಿರಲಿ, ನೆತ್ತಿ ಮೇಲೆ ಬೇಡ.

ಒಂದು ಪ್ರಶ್ನೆ ನಿಮಗೇ: ಘಟಿಕೋತ್ಸವ, ಪರೀಕ್ಷೆ ಎಲ್ಲ ಅದೇ ಹಾಲಿನಲ್ಲಾ? ಹಾಗಿದ್ದರೆ ಮರ ಬೇಡ. ಕುರ್ಚಿ ಎಳೆದು ಒಂದೇ ವರ್ಷದಲ್ಲಿ ಪಾಲಿಶ್ ಹೋಗುತ್ತೆ. ಸಿಮೆಂಟ್ ಸಮ ಮಾಡಿಸಿ ಸುತ್ತಿಡಬಹುದಾದ ಸಿಂಥೆಟಿಕ್ ಮ್ಯಾಟ್ ತಗೊಳ್ಳಿ.

ಅಂದಹಾಗೆ, ತುಮಕೂರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಶಟಲ್ ಒಂಚೂರು ದೂರ ಹಾರುತ್ತೆ. ಶಟಲ್ ಡಬ್ಬಿ ಮೇಲೆ ವೇಗದ ಸಂಖ್ಯೆ ಇರುತ್ತೆ: 77ರದ್ದು ಹಿಂದಿನ ಗೆರೆ ದಾಟುತ್ತಿದ್ದರೆ, ಅದಕ್ಕಿಂತ ನಿಧಾನದ 76 ತರಿಸಿ.