ಚಳಿ ಮುಗಿದು ಬೇಸಿಗೆ ಶುರುವಾಗುವ ಹೊತ್ತಿನಲ್ಲಿ ಹಳ್ಳಿಯಲ್ಲಿ ಏನು ಮಾಡುತ್ತೀರಿ? ಬೇಜಾರಾಗುವುದಿಲ್ವಾ?

ನೀವು ಕೆಲಸ ಬಿಟ್ಟು ಊರಿಗೆ ಮರಳುವ ಯೋಚನೆಯಲ್ಲಿದ್ದೀರಿ, ಫೆಬ್ರವರಿ-ಮಾರ್ಚ್‌ನಲ್ಲಿ ಹೊತ್ತು ಹೋಗುತ್ತದೋ ಇಲ್ಲವೋ ಎಂಬ ಭಯ ನಿಮಗೆ. ಎಲ್ಲ ಊರಿನ ಕಥೆ ನನಗೆ ಗೊತ್ತಿಲ್ಲ. ನಾನು ಶಿರಸಿ ಕಡೆಯವನು, ಸಣ್ಣದೊಂದು ಅಡಿಕೆ ತೋಟ ಇದೆ. ನಮ್ಮಲ್ಲಿ ನಡೆಯುವುದನ್ನು ಹೇಳುತ್ತೇನೆ.

ವಸಂತ ಎಂಬ ಮಾತು ನಮ್ಮ ಮನೆಯಲ್ಲಿ ಕೇಳುವುದು ಪಂಚಾಂಗ ಓದುವಾಗ ಮಾತ್ರ. ಶಿವರಾತ್ರಿ ಹತ್ತಿರ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಮಳೆಗಾಲದೊಳಗೆ'. ಸೌದೆ ಒಟ್ಟಬೇಕು, ಮಳೆಗಾಲದೊಳಗೆ. ಕೊಟ್ಟಿಗೆಯ ಹೆಂಚು ಕೈಯಾಡಿಸಬೇಕು, ಮಳೆಗಾಲದೊಳಗೆ. ಹೊರಗೆ ಸುಡು ಬಿಸಿಲು, ತಲೆಯೊಳಗೆ ಮಾತ್ರ ಜೂನ್ ತಿಂಗಳ ಮಳೆ.

ಈ ಹೊತ್ತಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಮುಗಿಯುತ್ತಾ ಬಂದಿರುತ್ತದೆ. ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಅಂಗಳದಲ್ಲಿ ಒಣಗುತ್ತಿರುತ್ತದೆ. ಅದಕ್ಕೆ ನಲವತ್ತು ದಿನದ ಮೇಲೆ ಬಿಸಿಲು ಬೇಕು. ಅದರ ಪಕ್ಕಕ್ಕೇ ಕಾಳುಮೆಣಸು ಬಂದು ಕೂರುತ್ತದೆ. ಕರೆಯಲ್ಲಿ, ಅಂದರೆ ಮೆಣಸಿನ ಗೊಂಚಲಿನಲ್ಲಿ, ಒಂದೆರಡು ಕಾಳು ಕೆಂಪಾದರೆ ಕೊಯ್ಯಬಹುದು. ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ಹಾಕಿ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ ಕೂಡ. ಮೂರು ಕಿಲೋ ಹಸಿ ಕಾಳು ಒಣಗಿದರೆ ಒಂದು ಕಿಲೋ ಆಸುಪಾಸು. ಮೊದಲ ವರ್ಷ ಲೆಕ್ಕ ಹಾಕುವಾಗ ನಾನು ಇದನ್ನು ಮರೆತು ಸುಮ್ನೆ ಖುಷಿಪಟ್ಟಿದ್ದೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಬೆಟ್ಟಕ್ಕೆ ಹೋಗಿ ದರಕು ಗುಡಿಸುತ್ತೇವೆ. ದರಕು ಅಂದರೆ ಉದುರಿದ ಒಣ ಎಲೆ. ಅದನ್ನು ಕೊಟ್ಟಿಗೆಗೆ ಹಾಸಿದರೆ ಸಗಣಿ, ಗಂಜಲ ಸೇರಿ ಗೊಬ್ಬರ. ಬೆಟ್ಟಕ್ಕೆ ಬೆಂಕಿ ಬಿದ್ದರೆ ಹರಡಲು ನೆಲದಲ್ಲಿ ಒಣ ಎಲೆಯೂ ಕಡಿಮೆ ಇರುತ್ತದೆ. ಬೆನ್ನು ನೋಯುವ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಕುಟ್ರು ಹಕ್ಕಿ ಒಂದೇ ಸಮನೆ 'ಕುಟ್ರೂ ಕುಟ್ರೂ' ಎನ್ನುತ್ತಿರುತ್ತದೆ. ಎಲ್ಲಿಂದಲೋ ಸುರಗಿಯ ವಾಸನೆ ಬರುತ್ತದೆ. ಸುರಗಿ ಬಿಡುವುದು ಈ ಕೆಲವು ವಾರ ಮಾತ್ರ. ಒಣಗಿದರೂ ಪರಿಮಳ ಹೋಗದ ಹೂವು. ಅಮ್ಮ ಅದರ ದಂಡೆ ಕಟ್ಟಿ ಸೀರೆಯ ನಡುವೆ ಇಡುತ್ತಾಳೆ.

ಇನ್ನು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ. ಇದರ ಬಗ್ಗೆ ಜಾಸ್ತಿ ಬರೆದರೆ ಕ್ಷಮಿಸಿ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಲೇಬಾರದು. ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ಹಾಗಾಗಿ ಮರ ಹತ್ತಿದವರು ಬುಟ್ಟಿಗೆ ಹಗ್ಗ ಕಟ್ಟಿ ನಿಧಾನ ಇಳಿಸುತ್ತಾರೆ. ಕೆಳಗೆ ನಿಂತವರದು ಬರೀ ಸಲಹೆ. ತಂದ ಮಿಡಿಯನ್ನು ಉಪ್ಪಿನ ಜೊತೆ ಪದರ ಪದರವಾಗಿ ಹಾಕಿಟ್ಟರೆ ನೀರು ಬಿಟ್ಟು ಚಿರುಟುತ್ತದೆ, ಖಾರ ಹಾಕುವುದು ಆಮೇಲೆ. ನಮ್ಮ ಅಕ್ಕಪಕ್ಕದಲ್ಲಿ ಒಂದೊಂದು ಮರದ ಮಿಡಿಗೆ ಒಂದೊಂದು ವಾಸನೆ. ಕೆಲವದಕ್ಕೆ ಜೀರಿಗೆಯ ಘಮ. ಯಾರ ಮನೆಯ ಉಪ್ಪಿನಕಾಯಿ ಯಾವ ಮರದ್ದು ಎಂದು ಮೂಸಿಯೇ ಹೇಳುವ ಹಿರಿಯರು ಇದ್ದಾರೆ. ನನಗೆ ಇನ್ನೂ ಬಂದಿಲ್ಲ.

ಅದೇ ಮಿಡಿಯನ್ನು ಜಜ್ಜಿ ನೀರು, ಉಪ್ಪು, ಇಂಗಿನ ಒಗ್ಗರಣೆ ಹಾಕಿದರೆ ಅಪ್ಪೆಹುಳಿ. ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ಹೋದ ಬೇಸಿಗೆ ಅಮ್ಮ ಅಂಗಳದ ತುಂಬ ಹಲಸಿನ ಹಪ್ಪಳ ಹರವಿ ನನ್ನನ್ನು ಕಾಗೆ ಕಾಯಲು ಕೂರಿಸಿದ್ದಳು. ಊಟಕ್ಕೆ ಎರಡು ಲೋಟ ಅಪ್ಪೆಹುಳಿ ಕುಡಿದಿದ್ದೆ. ಕಾಗೆ ಬರಲಿಲ್ಲ, ನಿಜ. ಆದರೆ ಕಣ್ಣು ಬಿಟ್ಟಾಗ ನಮ್ಮದೇ ದನ ಮೂರನೇ ಚಾಪೆಯಲ್ಲಿತ್ತು. ಇಡೀ ದಿನ ಹಲಸು ಬಿಡಿಸಿ, ಬೇಯಿಸಿ, ಕುಟ್ಟಿ ಒತ್ತಿದ್ದು ಹೋಯಿತು. ಅಮ್ಮ ಬೈಯಲಿಲ್ಲ. "ತಮಾ, ಅದಕ್ಕೆ ಖಾರ ಆಗಲಿಲ್ವಾ?" ಎಂದಷ್ಟೇ ಕೇಳಿದಳು.

ಸಂಜೆಯ ವಿಷಯಕ್ಕೆ ಬಂದರೆ, ಯಾರಾದರೂ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಹಾಕಿದ್ದರೆ ಅಲ್ಲಿಗೆ ಹೋಗುವುದೇ. ಕರೆಯಲಿ ಎಂದು ಕಾಯುವುದಿಲ್ಲ. ಕೋಣ ಕಟ್ಟಿದ ಗಾಣ ಈಗ ಅಪರೂಪ, ಹೆಚ್ಚಿನ ಕಡೆ ಯಂತ್ರ. ಹಾಲು ಎಂದರೆ ಅಲ್ಲಿ ಕಬ್ಬಿನ ಹಾಲೇ. ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕೊಪ್ಪರಿಗೆಯ ಮೇಲೆ ಬರುವ ನೊರೆಬೆಲ್ಲವನ್ನು ಬಾಳೆಲೆ ಚೂರಿನಲ್ಲಿ ಹಿಡಿದು ಬೆರಳು ಸುಟ್ಟುಕೊಳ್ಳದ ಮಕ್ಕಳಿಲ್ಲ. ಡಬ್ಬಿಯಲ್ಲಿ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಮನೆಗೆ ಬರುತ್ತದೆ, ದೋಸೆಗೆ ವರ್ಷವಿಡೀ ಅದೇ. ರಾತ್ರಿ ಹತ್ತಿರದಲ್ಲೆಲ್ಲೋ ಯಕ್ಷಗಾನ ಇದ್ದರೆ ನಿದ್ದೆಯ ಲೆಕ್ಕ ಬಿಟ್ಟಂತೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆಯೂ ಈ ದಿನಗಳಲ್ಲೇ. ಆ ವಾರ ತೋಟಕ್ಕೆ ಯಾರೂ ಸಿಗುವುದಿಲ್ಲ, ನಾವೂ ಸಿಗುವುದಿಲ್ಲ.

ಬೇಜಾರು? ಆಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ಹೋದರೆ, ಮೊಬೈಲ್ ಸಿಗ್ನಲ್ ಕೂಡ ಜೊತೆಗೆ ಹೋದರೆ ಖಂಡಿತ ಆಗುತ್ತದೆ. ಕೆಲಸಕ್ಕೆ ಜನ ಸಿಗದ ತಲೆಬಿಸಿ ಅದಕ್ಕಿಂತ ದೊಡ್ಡದು. ಮರ ಹತ್ತುವ ಕೊನೆಗೌಡರು ಒಂದು ದಿನ ತಪ್ಪಿಸಿದರೆ ನಮ್ಮ ಇಡೀ ವಾರದ ಲೆಕ್ಕ ತಪ್ಪುತ್ತದೆ. ಇದನ್ನು ಯೋಚಿಸದೆ ರಾಜೀನಾಮೆ ಕೊಡಬೇಡಿ.

ಮೊದಲು ಒಂದು ವಾರ ಇದ್ದು ನೋಡಿ, ಅದೂ ಮಾರ್ಚ್‌ನಲ್ಲಿ. ಪರಿಚಯದವರ ಮನೆಯಲ್ಲೇ ಉಳಿಯಿರಿ. ಹಳೆಯ ಅಂಗಿ ತನ್ನಿ, ಮಿಡಿಯ ಸೊನೆ ತಾಗಿದರೆ ಕಲೆ ಹೋಗುವುದಿಲ್ಲ.