ಹೊಸ್ತಿಲ ಹುಣ್ಣಿಮೆಯ ಬೆಳದಿಂಗಳಲ್ಲಿ ಆನೆಗೊಂದಿಯ ಬಂಡೆಗಳ ಫೋಟೊ ತೆಗೆಯಲು ಮಧ್ಯರಾತ್ರಿ ಹೋಗುವುದು ಒಳ್ಳೆಯದೇ?

ಚಂದ್ರ ನೆತ್ತಿಯ ಮೇಲೆ ಬಂದಾಗ ಬೆಳಕು ಹೆಚ್ಚಿರುತ್ತದೆ, ಆದ್ದರಿಂದ ರಾತ್ರಿ ಹನ್ನೆರಡರ ಹೊತ್ತಿಗೆ ಬರುತ್ತೇನೆ, ನನ್ನ ಬಳಿ 18–55 ಲೆನ್ಸ್ ಇರುವ ಸಾಧಾರಣ ಕ್ಯಾಮೆರಾ ಇದೆ, ಸಾಕೇ ಎಂದು ಕೇಳಿದ್ದೀರಿ. ಕ್ಯಾಮೆರಾ ಧಾರಾಳವಾಗಿ ಸಾಕು. ಆದರೆ ಮಧ್ಯರಾತ್ರಿ ಮಾತ್ರ ಬೇಡ. ನಾನು ಗಂಗಾವತಿಯವನು. ಈ ಗುಡ್ಡಗಳ ಸುತ್ತ ಹಲವು ಚಳಿಗಾಲ ಅಲೆದು ಕಂಡುಕೊಂಡ ಮಾತಿದು.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹುಣ್ಣಿಮೆಯ ಚಂದ್ರ ಅವನಿಗೆ ಎದುರು ದಿಕ್ಕಿನಲ್ಲಿರುವುದರಿಂದ ಬೇಸಿಗೆಯ ಸೂರ್ಯ ನಡೆಯುವ ದಾರಿಯನ್ನೇ ಹಿಡಿಯುತ್ತಾನೆ. ನಮ್ಮ ಕೊಪ್ಪಳ ಜಿಲ್ಲೆ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಡಿಸೆಂಬರ್ ಹೊತ್ತಿಗೆ ಬರುವ ಹೊಸ್ತಿಲ ಹುಣ್ಣಿಮೆಯ ನಡುರಾತ್ರಿ ಚಂದ್ರ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ. ಮಟಮಟ ಮಧ್ಯಾಹ್ನ ಬಂಡೆಗಳು ಹೇಗೆ ಚಪ್ಪಟೆಯಾಗಿ ಕಾಣುತ್ತವೆಯೋ ಆಗಲೂ ಹಾಗೆಯೇ. ನೆರಳೆಲ್ಲ ಬುಡದಲ್ಲಿ ಮುದುಡಿಕೊಂಡಿರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಬಂಡೆಗಳ ಚೆಲುವು ಇರುವುದು ಅವುಗಳ ಸಂದುಗಳಲ್ಲಿ, ಉಬ್ಬುತಗ್ಗುಗಳಲ್ಲಿ. ಅವು ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು.

ಆದ್ದರಿಂದ ರಾತ್ರಿ ಎಂಟರಿಂದ ಒಂಬತ್ತೂವರೆಯ ಒಳಗೆ ಬನ್ನಿ, ಇಲ್ಲವೇ ಬೆಳಗಿನ ಜಾವ ಮೂರೂವರೆಯಿಂದ ಐದರವರೆಗೆ. ನನ್ನ ಆಯ್ಕೆ ಎರಡನೆಯದು. ಚಂದ್ರ ಪಶ್ಚಿಮಕ್ಕೆ ಇಳಿದಿರುತ್ತಾನೆ. ಕ್ಯಾಮೆರಾವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿದರೆ ಪ್ರತಿ ಬಂಡೆಯ ಒಂದು ಮಗ್ಗುಲು ಬೆಳಗಿ ಇನ್ನೊಂದು ಕಪ್ಪಾಗಿರುತ್ತದೆ. ಹುಣ್ಣಿಮೆಗೆ ಎರಡು ದಿನ ಹಿಂದೆ ಮುಂದಾದರೂ ನಡೆಯುತ್ತದೆ. ಆದರೆ ಅಷ್ಟಮಿಯ ಅರ್ಧಚಂದ್ರನಿಂದ ಅರ್ಧ ಬೆಳಕು ಸಿಗುತ್ತದೆ ಎಂದುಕೊಳ್ಳಬೇಡಿ. ಸಿಗುವುದು ಹುಣ್ಣಿಮೆಯ ಹತ್ತನೇ ಒಂದು ಭಾಗದಷ್ಟು ಮಾತ್ರ.

ಲೆನ್ಸನ್ನು ಅತಿ ಅಗಲದ ನೋಟ ಸಿಗುವ 18ರಲ್ಲಿಟ್ಟು, ಎಫ್ 3.5 (ಲೆನ್ಸಿನ ಕಿಂಡಿ ಪೂರ್ತಿ ತೆರೆದಷ್ಟು), ಐಎಸ್‌ಒ 800 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ ಹತ್ತು ಸೆಕೆಂಡು ತೆರೆದಿರುವಂತೆ ಶುರು ಮಾಡಿ. ಹದಿನೈದು ಸೆಕೆಂಡು ದಾಟಿದರೆ ನಕ್ಷತ್ರಗಳು ಗೀರಿನಂತೆ ಎಳೆದುಕೊಳ್ಳತೊಡಗುತ್ತವೆ. ಆಟೊಫೋಕಸ್ ಕತ್ತಲಲ್ಲಿ ತಡಕಾಡುತ್ತದೆ. ಒಮ್ಮೆ ಚಂದ್ರನ ಮೇಲೆ ಫೋಕಸ್ ಮಾಡಿ, ಮ್ಯಾನುವಲ್‌ಗೆ ಬದಲಿಸಿ, ರಿಂಗ್ ಅಲುಗದಂತೆ ಟೇಪ್ ಅಂಟಿಸಿಬಿಡಿ. ಟ್ರೈಪಾಡ್ ಬೇಕೇ ಬೇಕು. ಶಟರ್ ಒತ್ತುವಾಗ ಅಲುಗದಿರಲು ಎರಡು ಸೆಕೆಂಡಿನ ಟೈಮರ್ ಸಾಕು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾದ ಪರದೆ ಎಲ್ಲವನ್ನೂ ಹೆಚ್ಚು ಬೆಳಗಿಸಿ ತೋರಿಸುತ್ತದೆ. ಫೋಟೊದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ತೋರಿಸುವ ನಕ್ಷೆಯನ್ನು, ಅಂದರೆ ಹಿಸ್ಟೋಗ್ರಾಮ್ ನೋಡಿಯೇ ತೀರ್ಮಾನಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಳದಿಂಗಳು ಎಂದರೆ ಚಂದ್ರನಿಗೆ ತಾಗಿ ಬಂದ ಬಿಸಿಲೇ. ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ, ಅಷ್ಟೆ. ನಮ್ಮ ಕಣ್ಣಿಗೆ ಅದು ನೀಲಿಯಾಗಿ ಕಂಡರೂ ಕ್ಯಾಮೆರಾ ಬಂಡೆಯ ನಸುಗೆಂಪನ್ನು, ಗರಿಕೆಯ ಹಸಿರನ್ನು ಹಾಗೆಯೇ ಹಿಡಿಯುತ್ತದೆ. ಎಕ್ಸ್‌ಪೋಷರ್ (ಫೋಟೊಗೆ ಒಳಬಿಡುವ ಬೆಳಕು) ಹೆಚ್ಚಾದರೆ ನಕ್ಷತ್ರಗಳಿರುವ ಹಗಲಿನಂತೆ ಕಾಣುತ್ತದೆ. ಅದನ್ನು ಮುಚ್ಚಲು ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಎಕ್ಸ್‌ಪೋಷರನ್ನೇ ಒಂದು ಹಂತ ಇಳಿಸಿ, ಸಂದುಗಳು ಕಪ್ಪಾಗಿಯೇ ಇರಲಿ.

ಇಲ್ಲಿನ ಚಳಿ ಕ್ಯಾಮೆರಾವನ್ನು ಕಾಡುವಂಥದ್ದಲ್ಲ. ಕಾಡುವುದು ಇಬ್ಬನಿ. ಒಂದು ವರ್ಷ ಆನೆಗೊಂದಿ ಸಮೀಪದ ಸಾಣಾಪುರದ ಹತ್ತಿರ ಗದ್ದೆಯ ಬದುವಿನ ಮೇಲೆ ನಿಂತು ಒಂದು ಗಂಟೆ ಫೋಟೊ ತೆಗೆದೆ. ಮೊದಲ ಮೂರು ಸ್ಪಷ್ಟವಾಗಿದ್ದವು. ಆಮೇಲೆ ಪ್ರತಿ ನಕ್ಷತ್ರದ ಸುತ್ತ ಹತ್ತಿಯಂಥ ಮಬ್ಬು. ಟಾರ್ಚ್ ಹಿಡಿದು ನೋಡಿದರೆ, ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬಿನ ಮೈಯಂತೆ ಲೆನ್ಸ್ ಬೆವರಿತ್ತು. ಒರೆಸಿದರೂ ಎರಡೇ ನಿಮಿಷದಲ್ಲಿ ಮತ್ತೆ ಕಟ್ಟಿತು. ಈಗ ಉಣ್ಣೆಯ ಕಾಲುಚೀಲದ ತುದಿ ಕತ್ತರಿಸಿ ಲೆನ್ಸಿಗೆ ತೊಡಿಸಿ, ಒಳಗೆ ಕೈ ಬೆಚ್ಚಗಿಡುವ ಪೊಟ್ಟಣವೊಂದನ್ನು ಸಿಕ್ಕಿಸುತ್ತೇನೆ. ಗಾಜು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದರೆ ಇಬ್ಬನಿ ಕೂರುವುದಿಲ್ಲ. ರಸ್ತೆಯ ಬದಿಯಲ್ಲೇ ಕಾಲುವೆ, ಕೆರೆ, ಗದ್ದೆಗಳಿಂದ ಸ್ವಲ್ಪ ಎತ್ತರದ ಜಾಗಕ್ಕೆ ಹೋದರೆ ಇನ್ನೂ ಒಳ್ಳೆಯದು.

ಆ ರಾತ್ರಿಯೇ ಕಣದಲ್ಲಿ ಭತ್ತದ ರಾಶಿ ಕಾಯುತ್ತಿದ್ದ ಹಿರಿಯರೊಬ್ಬರು ಕಂಬಳಿ ಹೊದ್ದು ನನ್ನ ಕಡೆ ಬಂದರು. ಅವರ ಕೈಯಲ್ಲಿ ದೀಪವಿರಲಿಲ್ಲ. "ಟಾರ್ಚ್ ಆರಿಸು ತಮ್ಮಾ, ಆಮೇಲೆ ನೋಡು" ಎಂದರು. ಆರಿಸಿ ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಕುಳಿತೆ. ಬದುವಿನ ಅಂಚು, ಕೊಯ್ದ ಭತ್ತದ ಕೂಳೆ, ದೂರದ ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳ ಬಿಳಿ ಗೆರೆ ಒಂದೊಂದಾಗಿ ಮೂಡಿದವು. ಎಲ್ಲಿ ಟ್ರೈಪಾಡ್ ಇಡಬೇಕೆಂಬುದು ನನಗೆ ಗೊತ್ತಾಗಿದ್ದು ಆಗಲೇ. ನೀವೂ ಮೊದಲು ಹಾಗೆ ಕುಳಿತುಕೊಳ್ಳಿ.

ಒಬ್ಬರೇ ಮಾತ್ರ ಬರಬೇಡಿ. ಈ ಗುಡ್ಡಗಳಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಬಂಡೆಗಳ ಪೊಟರೆಯೊಳಗೆ ಇಣುಕಬೇಡಿ, ಗುಡ್ಡ ಹತ್ತಬೇಡಿ. ಊರಿನಲ್ಲಿ ಯಾರಿಗಾದರೂ ತಿಳಿಸಿ, ಹೊಲದವರನ್ನು ಕೇಳಿ, ರಸ್ತೆಯ ಹತ್ತಿರವೇ ಇರಿ. ಹಗಲಿನಲ್ಲೇ ಬಂದು ಜಾಗ ಗುರುತು ಮಾಡಿಕೊಂಡರೆ ರಾತ್ರಿ ಅಲೆಯುವುದು ತಪ್ಪುತ್ತದೆ.